ಜೂನ್ ಒಂದರ ಏಳು ಜನ

ಗೊತ್ತಕ್ಕನಿಗೆ ಆ ಹೆಸರು ಬಂದದ್ದು ಅವಳ ಬಾಯಿಂದಲೇ. ಬೇರೆಯವರು "ಊಟ ಆಯ್ತಾ" ಎಂದು ಮಾತು ಶುರು ಮಾಡಿದರೆ ಅವಳು ಶುರು ಮಾಡುವುದು "ಗೊತ್ತಾ?" ಎಂದು. ಗೊತ್ತಿದೆ ಎಂದರೂ ಬಿಡುವವಳಲ್ಲ, ಗೊತ್ತಿಲ್ಲ ಎಂದರಂತೂ ಮುಗಿದೇ ಹೋಯಿತು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳದು ಬಟ್ಟೆ ಮಡಚುವ ಕೆಲಸ. ಕೈ ದಿಂಬಿನ ಚೀಲ ಮಡಚುತ್ತಿದ್ದರೆ ಬಾಯಿ ಆಕ್ಟೋಪಸ್ಸಿನ ಮೂರು ಹೃದಯಗಳನ್ನು ಎಣಿಸುತ್ತಿರುತ್ತಿತ್ತು.

ಮಡಚುವ ಮೇಜಿನ ಪಕ್ಕದ ಗೋಡೆಗೆ ಒಂದು ಬಿಳಿ ಬೋರ್ಡ್ ಇತ್ತು. ಯಾರು ಯಾಕೆ ಹಾಕಿಸಿದ್ದರೋ, ಯಾರೂ ಅದರ ಮೇಲೆ ಏನೂ ಬರೆಯುತ್ತಿರಲಿಲ್ಲ. ಆರು ವರ್ಷದ ಕೆಳಗೆ ಗೊತ್ತಕ್ಕ ಒಂದು ನೀಲಿ ಪೆನ್ನು ತಂದು "ಗೊತ್ತಾ? ವೊಂಬ್ಯಾಟ್ ಅನ್ನೋ ಪ್ರಾಣಿಯ ಹಿಕ್ಕೆ ದಾಳದ ಹಾಗೆ ಚೌಕ ಚೌಕ" ಎಂದು ಬರೆದಳು. ಅವತ್ತು ಇಡೀ ಪಾಳಿ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಬೋರ್ಡ್ ಅವಳದ್ದಾಯಿತು. ಬಸ್ಸಿನಲ್ಲಿ ಬರುವ ಮುಕ್ಕಾಲು ಗಂಟೆ ಫೋನಿನಲ್ಲಿ ಹುಡುಕಿ, ಇಂಗ್ಲಿಷ್ ಇದ್ದರೆ ಫೋನಿನಿಂದಲೇ ಕನ್ನಡ ಮಾಡಿಸಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬರೆಯುತ್ತಿದ್ದಳು. ಸಿನಿಮಾದಲ್ಲಿ ಕುದುರೆ ಓಡುವ ಸದ್ದು ತೆಂಗಿನ ಚಿಪ್ಪಿನಿಂದ ಮಾಡಿದ್ದು ಎಂದು ಬರೆದ ದಿನ ಮಧ್ಯಾಹ್ನದ ಹೊತ್ತಿಗೆ ಮೂರು ಜನ ಎಲ್ಲಿಂದಲೋ ಚಿಪ್ಪು ಹುಡುಕಿ ತಂದು ಮೇಜಿನ ಮೇಲೆ ಕುದುರೆ ಓಡಿಸಿದ್ದರು. ಶುಕ್ರಗ್ರಹದಲ್ಲಿ ಒಂದು ದಿನ ಅನ್ನೋದು ಅಲ್ಲಿನ ಒಂದು ವರ್ಷಕ್ಕಿಂತ ದೊಡ್ಡದು ಎಂದು ಬರೆದಾಗ ಗಂಜಿ ಅತ್ತಿಗೆ ಮೂಗು ಮುರಿದು, "ಅಲ್ಲಿ ಬೆಳಗಿನ ಪಾಳಿ ಮಾಡೋರ ಗತಿಯೇನು?" ಎಂದಿದ್ದಳು. ಬಟ್ಟೆಗೆ ಗಂಜಿ ಹಾಕುವ ತೊಟ್ಟಿ ನೋಡಿಕೊಳ್ಳುತ್ತಿದ್ದ ಈ ಅತ್ತಿಗೆ ಯಾರ ಅಣ್ಣನ ಹೆಂಡತಿಯೂ ಅಲ್ಲ, ಆದರೂ ಎಲ್ಲರಿಗೂ ಅತ್ತಿಗೆ.

ಗೊತ್ತಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಚಿಕ್ಕವಳಿದ್ದಾಗ ಟೀಚರ್ ಆಗಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೆಂದರೆ ಕಪಾಟಿನ ಬಾಗಿಲಿಗೆ ಪಾಠ ಮಾಡುತ್ತಿದ್ದಳು. ಅದು ಕೈಗೂಡಲಿಲ್ಲ. ಆದರೆ ಈ ಬೋರ್ಡಿನ ಮುಂದೆ ಕೋಣೆಗೆ ಬೆನ್ನು ಮಾಡಿ ನಿಂತು ಬರೆಯುವಾಗ, ಹಿಂದೆ ಯಾರೋ ತುಟಿ ಅಲ್ಲಾಡಿಸುತ್ತ ಓದುವುದು ಕೇಳಿಸಿದಾಗ, ಅವಳಿಗೆ ಆಗುತ್ತಿದ್ದ ಸಂತೋಷಕ್ಕೆ ಅಳತೆಯಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳು ಹೇಳದೆ ಉಳಿಸಿಕೊಂಡಿದ್ದ ವಿಷಯ ಬಹುಶಃ ಅದೊಂದೇ.

ಬೋರ್ಡಿಗೆ ಕುತ್ತು ಬಂದದ್ದು 6174 ಎಂಬ ಸಂಖ್ಯೆಯಿಂದ. ಒಂದು ಮಂಗಳವಾರ ಅವಳು ಬರೆದಳು: ಯಾವುದಾದರೂ ನಾಲ್ಕು ಅಂಕಿ ತಗೊಳ್ಳಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ, ಬಂದ ಉತ್ತರಕ್ಕೂ ಹಾಗೇ ಮಾಡುತ್ತ ಹೋಗಿ, ಕೊನೆಗೆ 6174 ಬಂದೇ ಬರುತ್ತೆ. ಅಷ್ಟೇ ಸಾಕಾಯಿತು. ಇಡೀ ಪಾಳಿ ತಂತಮ್ಮ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಹಿಡಿದು ಕಳೆಯುತ್ತ ಕೂತಿತು. ಇಸ್ತ್ರಿ ರೋಲರ್ ಓಡಿಸುವವನ ನಂಬರು 7777ರಲ್ಲಿ ಮುಗಿಯುತ್ತಿತ್ತು. ಕಳೆದರೆ ಬರೀ ಸೊನ್ನೆ. "ನನ್ನ ಹಣೆಬರಹವೇ ಇಷ್ಟು" ಎಂದು ಅವನು ಮೂರು ಸಲ ಕಳೆಯುವಷ್ಟರಲ್ಲಿ ರೋಲರಿಗೆ ಸಿಕ್ಕಿಕೊಂಡ ಹಾಸಿಗೆಯ ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಹೊಗೆ ಬಿಟ್ಟಿತು. ನಾಲ್ಕೂ ಅಂಕಿ ಒಂದೇ ಇದ್ದರೆ ಈ ಆಟ ನಡೆಯೋದಿಲ್ಲ ಎಂದು ಬರೆಯಲು ಗೊತ್ತಕ್ಕ ಮರೆತಿದ್ದಳು.

ಹೊಗೆಯ ಹಿಂದೆಯೇ ಬಂದವರು ಚಾರ್ಟ್ ಸಾರ್. ಎರಡು ತಿಂಗಳ ಹಿಂದೆ ಬಂದ ಹೊಸ ಸೂಪರ್‌ವೈಸರ್ ಅವರು. ಮೂವತ್ತೈದರ ಒಳಗಿನ ವಯಸ್ಸು, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಕಂಡದ್ದನ್ನೆಲ್ಲ ಪಟ್ಟಿ ಮಾಡಿ ಗೋಡೆಗೆ ಅಂಟಿಸುವ ಚಾಳಿ. ಕೈ ತೊಳೆಯುವುದು ಹೇಗೆ ಎಂಬುದಕ್ಕೂ ಅವರು ಚಾರ್ಟ್ ಹಾಕಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ನಗುವುದಕ್ಕೂ ಒಂದು ಚಾರ್ಟ್ ಬೇಕೇನೋ ಎಂಬಂತೆ ಇರುತ್ತಿದ್ದರು.

"ಗುರುವಾರದಿಂದ ಈ ಬೋರ್ಡ್ ನಂಗೆ ಬೇಕು," ಎಂದರು ಅವರು. "ಯಾವ ಕಲೆ ಹೇಗೆ ತೆಗೀಬೇಕು ಅಂತ ಚಾರ್ಟ್ ಹಾಕ್ತೀನಿ. ರಕ್ತ, ಶಾಯಿ, ಎಣ್ಣೆ, ಚಹಾ. ಅದು ಕೆಲಸಕ್ಕೆ ಬರೋ ವಿಷಯ."

ಗೊತ್ತಕ್ಕ ಮಡಚುತ್ತಿದ್ದುದನ್ನು ಕೆಳಗಿಟ್ಟಳು. "ಇನ್ನೊಂದೇ ಒಂದು ದಿನ ಸಾರ್. ನಾಳೆ ಬುಧವಾರದ್ದು ಬರ್ಕೊಂಡು ಇಟ್ಟಿದೀನಿ."

ಬುಧವಾರ ಬೋರ್ಡಿನ ಮೇಲೆ ಹೀಗಿತ್ತು: "ಗೊತ್ತಾ? ಮೂವತ್ತು ಜನ ಇರೋ ಕೋಣೆಯಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರೋ ಸಾಧ್ಯತೆ ನೂರಕ್ಕೆ ಎಪ್ಪತ್ತು."

ಮಧ್ಯಾಹ್ನದ ಊಟದ ಹೊತ್ತಿಗೆ ಒಗೆಯುವ ಡ್ರಮ್ಮುಗಳು ನಿಂತಾಗ ಚಾರ್ಟ್ ಸಾರ್ ಅದನ್ನು ಓದಿ ಬಣ್ಣದ ಪೆನ್ನು ತೆಗೆದರು. "ಇದಂತೂ ಪೂರ್ತಿ ತಪ್ಪು. ವರ್ಷಕ್ಕೆ ಮುನ್ನೂರ ಅರವತ್ತೈದು ದಿನ. ಮೂವತ್ತರಿಂದ ಭಾಗಿಸಿ. ಹನ್ನೆರಡಕ್ಕೆ ಒಂದು."

"ನೀವು ಒಬ್ಬರನ್ನ ಹಿಡ್ಕೊಂಡು ಮಿಕ್ಕೋರ ಜೊತೆ ಹೋಲಿಸ್ತಿದೀರ ಸಾರ್," ಎಂದಳು ಗೊತ್ತಕ್ಕ. ಇದನ್ನು ಅರ್ಥ ಮಾಡಿಕೊಳ್ಳಲು ಅವಳಿಗೆ ಬಸ್ಸಿನಲ್ಲಿ ನಾಲ್ಕು ದಿನ ಹಿಡಿದಿತ್ತು. "ಎಲ್ಲರನ್ನೂ ಎಲ್ಲರ ಜೊತೆ ಹೋಲಿಸ್ಬೇಕು. ಮೂವತ್ತು ಜನರಲ್ಲಿ ಜೋಡಿ ಎಷ್ಟು ಗೊತ್ತಾ? ನಾನೂರ ಮೂವತ್ತೈದು!"

ಚಾರ್ಟ್ ಸಾರ್ ಪೆನ್ನಿಗೆ ಮುಚ್ಚಳ ಹಾಕಿದರು. ಲೆಕ್ಕದಲ್ಲಿ ಸೋಲುವುದು ಅವರಿಗೆ ಆಗಿಬರುವ ವಿಷಯವಲ್ಲ. "ಸರಿ, ಇಲ್ಲೇ ನೋಡಿಬಿಡೋಣ. ನಿಮ್ಮ ಪಾಳಿಯಲ್ಲಿ ಮೂವತ್ತು ಜನಾನೇ ಇದೀರ. ಈ ಕೋಣೆಯಲ್ಲಿ ಇಬ್ಬರು ಒಂದೇ ದಿನ ಹುಟ್ಟಿದ್ರೆ ಬೋರ್ಡ್ ನಿಮ್ದು. ನಾನು ಮತ್ತೆ ಅದರ ತಂಟೆಗೆ ಬರಲ್ಲ. ಇಲ್ದಿದ್ರೆ ನಂದು."

"ಆಗಲಿ!" ಎಂದು ಅವಳಿಗಿಂತ ಮೊದಲು ಹೇಳಿದ್ದು ಗಂಜಿ ಅತ್ತಿಗೆ. ಊಟದ ಡಬ್ಬಿಗಳು ಪಕ್ಕಕ್ಕೆ ಸರಿದವು. ಎಲ್ಲರೂ ಕೊರಳಿನ ಗುರುತಿನ ಕಾರ್ಡು ತಿರುಗಿಸಿ ಹುಟ್ಟಿದ ತಾರೀಖು ಕೂಗತೊಡಗಿದರು. ಗೊತ್ತಕ್ಕ ಬರೆಯುತ್ತ ಹೋದಳು. ನಾಲ್ಕನೆಯವನದು ಜೂನ್ ಒಂದು. ಒಂಬತ್ತನೆಯವಳದು ಜೂನ್ ಒಂದು.

"ಬಂತು!" ಎಂದು ಅವಳು ಕಿರುಚಿದ ಸದ್ದಿಗೆ ಬಾಯ್ಲರ್ ಮಾವನೂ ಓಡಿ ಬಂದ. ಬಾಯ್ಲರ್ ಕೋಣೆಯ ಆ ಹಿರಿಯ ದಿನಕ್ಕೆ ಮೂರು ಮಾತಿಗಿಂತ ಹೆಚ್ಚು ಆಡಿದ್ದನ್ನು ಯಾರೂ ಕಂಡಿರಲಿಲ್ಲ. ಅವನ ಕಾರ್ಡು ತಿರುಗಿಸಿದರೆ ಅಲ್ಲೂ ಜೂನ್ ಒಂದು. ರೋಲರಿನವನದೂ ಅದೇ. ಎಣಿಸುತ್ತ ಹೋದರೆ ಒಟ್ಟು ಏಳು ಜನ. ಏಳನೆಯವಳು ಗೊತ್ತಕ್ಕನೇ. ಜೋಡಿ ಕೇಳಿದರೆ ದಂಡೇ ಬಂದಿತ್ತು. ಯಾರೋ ಬಕೆಟ್ಟು ಬಡಿದರು, ಇನ್ಯಾರೋ ಕುಣಿದರು.

"ನಿಲ್ಲಿ," ಎಂದರು ಚಾರ್ಟ್ ಸಾರ್. "ಇದು ಹುಟ್ಟಿದ ದಿನ ಅಲ್ಲ. ಶಾಲೆ ಶುರುವಾಗೋ ದಿನ. ಮಗೂನ ಸೇರಿಸೋಕೆ ಬಂದೋರಿಗೆ ತಾರೀಖು ನೆನಪಿರಲ್ಲ, ಮೇಷ್ಟ್ರಿಗೆ ಪುರುಸೊತ್ತಿರಲ್ಲ. ಜೂನ್ ಒಂದು ಅಂತ ಗೀಚಿಬಿಡ್ತಾರೆ. ಪಂದ್ಯ ಹುಟ್ಟಿದ ದಿನದ್ದು, ಮೇಷ್ಟ್ರ ಪುರುಸೊತ್ತಿನದಲ್ಲ."

ಏಳೂ ಜನ ನೆಲ ನೋಡಿದರು. ಗೊತ್ತಕ್ಕ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ಅವರು ಹೇಳಿದ್ದು ಸತ್ಯ. ಅವಳ ಜೂನ್ ಒಂದೂ ಹಾಗೇ ಬಂದದ್ದು. "ಹೌದು ಸಾರ್," ಎಂದು ಏಳು ಸಾಲನ್ನೂ ತಾನೇ ಒರೆಸಿದಳು.

ಉಳಿದವರು ಇಪ್ಪತ್ಮೂರು. "ಇಪ್ಪತ್ಮೂರಕ್ಕೆ ಅರ್ಧಕ್ಕರ್ಧ, ಅರ್ಧಕ್ಕಿಂತ ಚೂರು ಜಾಸ್ತಿ!" ಎಂದು ಅವಳು ಧೈರ್ಯ ತುಂಬಿದಳು. ಆ ಚೂರು ಇವರ ಕಡೆಗೆ ಬರಲಿಲ್ಲ. ಗಂಜಿ ಅತ್ತಿಗೆಯದು ಮಾರ್ಚ್ ಒಂಬತ್ತು, ಅವಳ ಹಿಂದೆ ನಿಂತವನದು ಮಾರ್ಚ್ ಹತ್ತು. "ಒಂದು ದಿನ ತಡ್ಕೊಂಡು ಹುಟ್ಟೋಕೆ ನಿನಗೇನಾಗಿತ್ತು ಅತ್ತಿಗೆ?" ಎಂದು ಅವನು ರೇಗಿದ. "ನೀನು ಬೇಗ ಬರಬಹುದಿತ್ತು, ಡ್ಯೂಟಿಗೂ ಯಾವತ್ತೂ ಲೇಟು," ಎಂದಳು ಅವಳು.

"ಇನ್ನೂ ಏಳು ಜನ ಇದೀವಿ," ಎಂದಳು ಗೊತ್ತಕ್ಕ. "ಮೇಷ್ಟ್ರಿಗೆ ಗೊತ್ತಿಲ್ದಿದ್ರೆ ಮನೆಯೋರಿಗೆ ಗೊತ್ತಿರುತ್ತೆ. ಫೋನ್ ಮಾಡಿ!"

ಶುರುವಾಯಿತು ನೋಡಿ. ನಲವತ್ತು ಐವತ್ತು ದಾಟಿದವರೆಲ್ಲ ಮಡಚುವ ಮೇಜಿನ ಸುತ್ತ ನಿಂತು, ತಮ್ಮವರಿಗೆ ಫೋನು ಹಚ್ಚಿ, ನಾನು ಹುಟ್ಟಿದ್ದು ಯಾವಾಗ ಎಂದು ಕೂಗಿ ಕೇಳತೊಡಗಿದರು. ರೋಲರಿನವನ ಚಿಕ್ಕಮ್ಮ ಹೇಳಿದಳು: "ತಾರೀಖು ಯಾರಿಗೆ ಗೊತ್ತು ಕಣೋ. ಹಾಡಹಗಲೇ ಕತ್ತಲಾಗಿ ಕೋಳಿಗಳೆಲ್ಲ ಗೂಡು ಸೇರಿದ್ವು, ಅವತ್ತೇ ನೀನು ಹುಟ್ಟಿದ್ದು." ಗೊತ್ತಕ್ಕನ ಬೆರಳು ಆಗಲೇ ಫೋನಿನ ಮೇಲಿತ್ತು. "ಸೂರ್ಯಗ್ರಹಣ! ಸಾವಿರದ ಒಂಬೈನೂರ ಎಂಬತ್ತು, ಫೆಬ್ರವರಿ ಹದಿನಾರು!" ರೋಲರಿನವನು ಎರಡೂ ಕೈ ಮೇಲೆತ್ತಿದ. ಹಿಂದಿನ ದಿನ ಸೊನ್ನೆ ಬಂದವನಿಗೆ ಇವತ್ತು ಗ್ರಹಣವೇ ಸಿಕ್ಕಿತ್ತು. ಜೋಡಿ ಮಾತ್ರ ಸಿಗಲಿಲ್ಲ.

ಬಾಯ್ಲರ್ ಮಾವನ ತಾಯಿಗೆ ಎಂಬತ್ತರ ಮೇಲಾಗಿತ್ತು, ಗಂಟಲು ಗಟ್ಟಿಯಾಗಿತ್ತು. "ಬೆಳಿಗ್ಗೆ ಪಕ್ಕದ ಮನೆಯೋರು ರೇಡಿಯೋ ಇಟ್ಟಿದ್ರು. ಯಾರೋ ಚಂದ್ರನ ಮೇಲೆ ಕಾಲಿಟ್ರಂತೆ. ನಂಗೆ ಅದನ್ನೆಲ್ಲ ಕೇಳೋಕೆ ಪುರುಸೊತ್ತಿತ್ತಾ? ನೀನು ಬರ್ತಾ ಇದ್ದೆ."

"ಜುಲೈ ಇಪ್ಪತ್ತು!" ಎಂದು ಹರಿದ ಬಟ್ಟೆ ಹೊಲಿಯುವವಳು ಚೀರಿದಳು. ಅವಳದು ಜುಲೈ ಇಪ್ಪತ್ತು. ಮತ್ತೆ ಬಕೆಟ್ಟಿನ ಮೇಲೆ ಏಟು ಬಿತ್ತು. ಗೊತ್ತಕ್ಕ ಮಾತ್ರ ಕುಣಿಯಲಿಲ್ಲ. ಹಾಳಾದ್ದು, ಅವಳಿಗೆ ವಿಷಯ ಗೊತ್ತಿತ್ತು. "ಅಲ್ಲ ಕಣೇ. ಕಾಲಿಟ್ಟಾಗ ಅಮೆರಿಕದಲ್ಲಿ ಇಪ್ಪತ್ತರ ರಾತ್ರಿ. ನಮಗೆ ಆಗಲೇ ಇಪ್ಪತ್ತೊಂದರ ಬೆಳಗು. ಮಾವಂದು ಇಪ್ಪತ್ತೊಂದು," ಎಂದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು. ಬಾಯ್ಲರ್ ಮಾವನಿಗೆ ಸೋತದ್ದರ ಪರಿವೆಯೇ ಇರಲಿಲ್ಲ. "ಚಂದ್ರ," ಎಂದು ಒಂದೇ ಮಾತು ಹೇಳಿ ಕಣ್ಣೊರೆಸಿಕೊಂಡ.

ಗೊತ್ತಕ್ಕನನ್ನು ಬಿಟ್ಟು ಉಳಿದ ನಾಲ್ವರಲ್ಲಿ ಒಬ್ಬಳ ತಾಯಿ ಟಿ.ವಿ. ಧಾರಾವಾಹಿಯೊಂದರ ಕೊನೆಯ ಕಂತು ತಪ್ಪಿಹೋದ ಸಿಟ್ಟನ್ನು ಇನ್ನೂ ಇಟ್ಟುಕೊಂಡಿದ್ದಳು, ಅದರಿಂದ ತಾರೀಖು ಸಿಕ್ಕಿತು. ಇನ್ನೊಬ್ಬನ ಅಪ್ಪ ಕಪಾಟಿನ ಬಾಗಿಲ ಒಳಗೆ ಬರೆದಿಟ್ಟದ್ದನ್ನು ಓದಿ ಹೇಳಿದ. ಮಿಕ್ಕಿಬ್ಬರ ಮನೆಯವರಿಗೆ ತಾರೀಖು ಬಾಯಿಪಾಠವಾಗಿತ್ತು. "ಇಷ್ಟು ವರ್ಷ ಆದ್ಮೇಲೆ ಕೇಳೋಕೆ ನಾಚಿಕೆ ಆಗಲ್ವಾ?" ಎಂದು ಬೈಸಿಕೊಂಡರೂ ಇಬ್ಬರ ಹಲ್ಲೂ ಒಳಗೆ ಹೋಗಲಿಲ್ಲ. ಜೋಡಿ ಇಲ್ಲ. ಇಪ್ಪತ್ತೊಂಬತ್ತು ತಾರೀಖು, ಇಪ್ಪತ್ತೊಂಬತ್ತೂ ಬೇರೆ ಬೇರೆ.

ಉಳಿದವಳು ಗೊತ್ತಕ್ಕ ಒಬ್ಬಳೇ. ಅಪ್ಪ ಅಮ್ಮ ಇಲ್ಲ. ಇದ್ದದ್ದು ಒಬ್ಬಳು ಅಕ್ಕ. ದಿನಕ್ಕೆ ಹದಿನಾಲ್ಕು ಮೆಸೇಜು ತಡೆಯಲಾರದೆ ಆ ಅಕ್ಕ ತಂಗಿಯನ್ನು ಮ್ಯೂಟ್ ಮಾಡಿ ವರ್ಷವಾಗಿತ್ತು. ಗಲಾಟೆಯಲ್ಲಿ ಕೇಳಿಸುವುದಿಲ್ಲವೆಂದು ಗೊತ್ತಕ್ಕ ಹಾಸಿಗೆಯ ಬಟ್ಟೆ ತುಂಬಿದ ಗಾಡಿಯ ಹಿಂದೆ ಹೋಗಿ ಫೋನು ಕಿವಿಗೊತ್ತಿಕೊಂಡಳು.

"ಏನೇ?" ಎಂದಳು ಅಕ್ಕ. "ಆಕ್ಟೋಪಸ್ಸಿಗೆ ನಾಲ್ಕನೇ ಹೃದಯ ಬಂತಾ?"

"ಅಕ್ಕಾ, ನಾನು ನಿಜವಾಗ್ಲೂ ಹುಟ್ಟಿದ್ದು ಯಾವತ್ತು?"

ಅಕ್ಕ ನಕ್ಕಳು. "ನಿಂಗೆ ಗೊತ್ತಿಲ್ವಾ? ಜಗತ್ತಿಂದೆಲ್ಲ ಗೊತ್ತಿರೋಳಿಗೆ! ಫೆಬ್ರವರಿ ಇಪ್ಪತ್ತೊಂಬತ್ತು ಕಣೇ. ಶಾಲೆಗೆ ಸೇರಿಸೋಕೆ ಅಮ್ಮ ನನ್ನನ್ನೂ ಕರ್ಕೊಂಡು ಹೋಗಿದ್ಲು. ನಾನೇ ಹೇಳ್ದೆ. 'ಆ ದಿನ ಬರೆದ್ರೆ ಈ ಹುಡುಗಿ ದೊಡ್ಡೋಳಾಗೋದು ಯಾವಾಗ?' ಅಂತ ಮೇಷ್ಟ್ರು ನಕ್ಕು ಜೂನ್ ಒಂದು ಹಾಕಿದ್ರು. ಮೂರು ವರ್ಷ ಹುಟ್ಟುಹಬ್ಬ ಇಲ್ಲ ಅಂದ್ರೆ ನೀನು ಅತ್ತು ರಂಪ ಮಾಡ್ತೀಯ ಅಂತ ಅಮ್ಮ ಸುಮ್ನಿರು ಅಂದ್ಲು. ಆಮೇಲೆ ಎಲ್ರೂ ಮರ್ತ್ವಿ."

ಗೊತ್ತಕ್ಕನಿಗೆ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಇಪ್ಪತ್ತೊಂಬತ್ತು! ಸಾವಿರದ ನಾನೂರ ಅರವತ್ತೊಂದು ದಿನಕ್ಕೆ ಒಂದು ಸಲ ಬರುವ ದಿನ! ಆರು ವರ್ಷ ಅವಳು ವಿಚಿತ್ರವಾದದ್ದನ್ನೆಲ್ಲ ಬಸ್ಸಿನಲ್ಲಿ ಕೂತು ಹುಡುಕಿದ್ದಳು, ವಿಚಿತ್ರ ಅವಳ ಸೀಟಿನಲ್ಲೇ ಕೂತಿತ್ತು.

ಆಮೇಲೆ ಅವಳಿಗೆ ಬೋರ್ಡ್ ನೆನಪಾಯಿತು. ಗಾಡಿಯ ಸಂದಿಯಿಂದ ಇಣುಕಿದಳು. ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು. ಬೋರ್ಡಿನ ಮೇಲೆ ಗಂಜಿ ಅತ್ತಿಗೆಯ ಮಾರ್ಚ್ ಒಂಬತ್ತು ದಪ್ಪಗೆ ಕಾಣುತ್ತಿತ್ತು. ಅಕ್ಕ ಹೇಳಿದ್ದನ್ನು ಕೇಳಿದ್ದು ಅವಳ ಕಿವಿ ಒಂದೇ. ಮಾರ್ಚ್ ಒಂಬತ್ತು ಎಂದರೆ ಮುಗಿಯಿತು, ಬೋರ್ಡ್ ಉಳಿಯಿತು. ಯಾರು ಪರೀಕ್ಷೆ ಮಾಡಲು ಬರುತ್ತಾರೆ? ಬೋರ್ಡ್ ಹೋದರೆ ನಾಳೆಯಿಂದ ಬೆಳಿಗ್ಗೆ ಬೇಗ ಬರಲು ಕಾರಣವಾದರೂ ಏನಿದೆ? ಒಂದು ದಿಂಬಿನ ಚೀಲ ಮಡಚುವಷ್ಟು ಹೊತ್ತು ಅವಳು ಹಾಗೇ ನಿಂತಳು. ನಾಲಿಗೆಯ ತುದಿಯಲ್ಲಿ ಮಾರ್ಚ್ ಒಂಬತ್ತನ್ನೇ ಇಟ್ಟುಕೊಂಡು ಗಾಡಿಯ ಹಿಂದಿನಿಂದ ಹೊರಗೆ ಬಂದಳು.

"ಗೊತ್ತಾ?" ಎಂದಳು. ಆ ಪದ ಒಮ್ಮೆ ಬಾಯಿಂದ ಬಿದ್ದ ಮೇಲೆ ಸುಳ್ಳು ಹೇಳಲು ಅವಳಿಗೆ ಅಭ್ಯಾಸವಿರಲಿಲ್ಲ. "ಫೆಬ್ರವರಿ ಇಪ್ಪತ್ತೊಂಬತ್ತು! ನಾನು! ನಾನು ಹುಟ್ಟಿದ್ದು ಫೆಬ್ರವರಿ ಇಪ್ಪತ್ತೊಂಬತ್ತು!"

"ಹಾಗಾದ್ರೆ ನಿಂಗೀಗ ವಯಸ್ಸೆಷ್ಟು?" ಎಂದು ಗಂಜಿ ಅತ್ತಿಗೆ ಕೇಳಿದಳು. ಗೊತ್ತಕ್ಕ ಬೆರಳು ಮಡಚಿ ಎಣಿಸಿದಳು. ಹುಟ್ಟಿದ್ದು ಎಪ್ಪತ್ತೆರಡರಲ್ಲಿ. "ಹದಿಮೂರು!"

ಕೋಣೆ ಸಿಡಿದುಹೋಯಿತು. ಹೊಲಿಯುವವಳು ನೆಲದ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡಳು. "ಸಾರ್, ಹದಿಮೂರರ ಹುಡುಗೀನ ಕೆಲಸಕ್ಕೆ ಇಟ್ಕೊಂಡಿದೀರ ಅಂತ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಏನ್ಮಾಡ್ತೀರ?" ಎಂದು ರೋಲರಿನವನು ಕೂಗಿದ. "ಅದೂ ಹುಟ್ಟೋಕೆ ಆರು ವರ್ಷ ಮುಂಚಿಂದ!" ಎಂದು ಇನ್ನೊಬ್ಬ ಸೇರಿಸಿದ. ಚಾರ್ಟ್ ಸಾರ್ ಗೋಡೆಗೆ ತಿರುಗಿ ನಿಂತರು, ಆದರೆ ಅವರ ಭುಜ ಕುಣಿಯುತ್ತಿದ್ದದ್ದನ್ನು ಎಲ್ಲರೂ ಕಂಡರು.

ನಗು ಇಳಿದಾಗ ಬೋರ್ಡಿನ ಮೇಲೆ ಮೂವತ್ತು ತಾರೀಖಿತ್ತು, ಜೋಡಿ ಇರಲಿಲ್ಲ. ಯಾರೂ ಗೊತ್ತಕ್ಕನ ಮುಖ ನೋಡಲಿಲ್ಲ. ಅವಳೇ ಬಟ್ಟೆ ತೆಗೆದುಕೊಂಡು ಮೂವತ್ತನ್ನೂ ಒರೆಸಿದಳು. "ನೂರಕ್ಕೆ ಎಪ್ಪತ್ತು ಅಂದ್ರೆ ಮೂವತ್ತು ಸಲ ಸೋಲ್ಬೇಕು ಅಂತಾನೇ ಅರ್ಥ ಅಲ್ವಾ ಸಾರ್," ಎಂದು ನೀಲಿ ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳು ಫೋನು ತೆಗೆಯಲಿಲ್ಲ. ಒಂದು ಸಲ ನಗು ಬರುತ್ತಿತ್ತು, ಇನ್ನೊಂದು ಸಲ ಕೈ ಚೀಲದೊಳಗಿನ ಪೆನ್ನನ್ನು ತಡವುತ್ತಿತ್ತು.

ಗುರುವಾರ ಬೆಳಿಗ್ಗೆ ಅವಳು ಬರುವ ಮೊದಲೇ ಬೋರ್ಡಿನ ಮೇಲೆ ಕಲೆಗಳ ಚಾರ್ಟ್ ಹಾಳೆ ಅಂಟಿಸಿತ್ತು. ರಕ್ತಕ್ಕೆ ಕೆಂಪು ಪೆನ್ನು, ಶಾಯಿಗೆ ನೀಲಿ, ಎಣ್ಣೆಗೆ ಹಸಿರು. ಅಚ್ಚುಕಟ್ಟಾಗಿತ್ತು, ಅದೇ ಅವಳಿಗೆ ಇನ್ನಷ್ಟು ಬೇಸರ ತಂದಿತು. ಅವಳು ಮೇಜಿನ ಹತ್ತಿರ ನಿಂತು ಮೊದಲ ರಾಶಿಗೆ ಕೈ ಹಾಕಿದಳು.

"ಗೊತ್ತಕ್ಕ," ಎಂದರು ಚಾರ್ಟ್ ಸಾರ್ ಹಿಂದಿನಿಂದ. ಅವರು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. "ನಿಮಗೆ... ಗೊತ್ತಾ?"

ಅವಳು ತಿರುಗಿದಳು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿದ್ದೇ ಇರಲಿಲ್ಲ. "ಏನು ಸಾರ್?"

"ಜೂನ್ ಒಂದು ಸುಳ್ಳು ಅಂತ ನಂಗೆ ಅಷ್ಟು ಬೇಗ ಹೇಗೆ ಹೊಳೀತು ಅಂತ ಯಾರೂ ಕೇಳ್ಲಿಲ್ಲ ನಿನ್ನೆ." ಅವರು ತಮ್ಮ ಕಾರ್ಡು ತಿರುಗಿಸಿ ತೋರಿಸಿದರು. ಅಲ್ಲೂ ಜೂನ್ ಒಂದು. "ಮನೆಗೆ ಹೋಗಿ ಅಮ್ಮನ್ನ ಕೇಳ್ದೆ. ಇಷ್ಟು ವರ್ಷ ಕೇಳೋಕೆ ಹೊಳೆದೇ ಇರ್ಲಿಲ್ಲ. ಜುಲೈ ಇಪ್ಪತ್ತೊಂದಂತೆ."

ಗೊತ್ತಕ್ಕನ ಕೈಯಿಂದ ದಿಂಬಿನ ಚೀಲ ಜಾರಿತು. "ಬಾಯ್ಲರ್ ಮಾವ!"

"ಈ ಕೋಣೆಯಲ್ಲಿ ಇಬ್ಬರು ಅಂತ ಹೇಳಿದ್ದು ನಾನೇ. ನಾನೂ ಕೋಣೆಯಲ್ಲೇ ಇದ್ದೆ." ಅವರು ತಾವು ಬರೆದ ಚಾರ್ಟನ್ನು ಒಮ್ಮೆ ಆಸೆಯಿಂದ ನೋಡಿದರು. "ಹೇಳ್ದೆ ಸುಮ್ನಿರಬಹುದಿತ್ತು. ಇದನ್ನ ಬರೆಯೋಕೆ ಎರಡು ಗಂಟೆ ಹಿಡಿದಿದೆ. ಆದ್ರೆ ನಿನ್ನೆ ಆ ಗಾಡಿ ಹಿಂದಿಂದ ಬಂದಾಗ ನೀವೂ ಬೇರೆ ಏನಾದ್ರೂ ಹೇಳಬಹುದಿತ್ತಲ್ಲ."

ಗೊತ್ತಕ್ಕನ ಬಾಯಿಂದ ಹೊರಟದ್ದು ಮಾತಲ್ಲ, ಕೂಗು. ಬಾಯ್ಲರ್ ಕೋಣೆಯ ಬಾಗಿಲವರೆಗೆ ಓಡಿ, ವಿಷಯವನ್ನು ಒಂದೇ ಉಸಿರಿಗೆ ಒಳಗೆ ಎಸೆದಳು. ಡ್ರಮ್ಮುಗಳ ಹತ್ತಿರ ನಿಂತವರಿಗೆಲ್ಲ ಕೇಳಿಸಿ, ಎಲ್ಲರೂ ಕೈಲಿದ್ದದ್ದನ್ನು ಬಿಟ್ಟು ಬಂದರು.

ಬಾಯ್ಲರ್ ಮಾವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ತನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ, ಎರಡು ತಿಂಗಳಿಂದ ತಾನು ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದ ಸೂಪರ್‌ವೈಸರನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅವರು ಬೋರ್ಡಿನ ಮೇಲಿನ ಟೇಪು ಕೀಳುತ್ತಿದ್ದರು.

"ಕೊಡೋ ತಮ್ಮ ಅದನ್ನ ಇಲ್ಲಿ," ಎಂದ ಬಾಯ್ಲರ್ ಮಾವ. "ಹರೀಬೇಡ. ನನ್ನ ಬಾಗಿಲಿಗೆ ಅಂಟಿಸ್ತೀನಿ."

ಚಾರ್ಟ್ ಸಾರ್ ಚಾರ್ಟನ್ನು ಎರಡೂ ಕೈಯಲ್ಲಿ ಹಿಡಿದು ಹುಷಾರಾಗಿ ಕೊಟ್ಟರು. ಗೊತ್ತಕ್ಕ ಅಷ್ಟರಲ್ಲಿ ಚೀಲಕ್ಕೆ ಕೈ ಹಾಕಿ ಪೆನ್ನು ಹುಡುಕುತ್ತಿದ್ದಳು.